ಒಂದು ಸೆಂಟಿನ ತೆರಿಗೆ ಮತ್ತು ಊರಿನ ಆಟದ ಮನೆ: ಒಕ್ಲಹೋಮ ಸಿಟಿಯ ಮೂವತ್ತು ವರ್ಷಗಳು

ಮಾನ್ಯರೇ,

ವಯಸ್ಸಾದವರು ಬೆಳಗಿನ ಹೊತ್ತು ಬಂದು ಈಜಲು ಒಂದು ಕೊಳ, ಶಾಲೆ ಬಿಟ್ಟ ಮಕ್ಕಳು ತಂದೆತಾಯಿ ಕೆಲಸದಿಂದ ಮರಳುವವರೆಗೆ ಆಡಿಕೊಂಡಿರಲು ಒಂದು ಒಳಾಂಗಣ, ನಡೆಯಲು ಮಳೆ ಬಿಸಿಲು ತಾಗದ ಒಂದು ದಾರಿ, ಕೂತು ಮಾತಾಡಲು ನಾಲ್ಕು ಕೋಣೆ. ಇಷ್ಟನ್ನು ಒಂದು ಊರು ತನ್ನ ಹಣದಲ್ಲೇ ಕಟ್ಟಿಕೊಳ್ಳುವುದಾದರೆ ಆ ಹಣ ಯಾರಿಂದ ಬರಬೇಕು, ಎಷ್ಟು ಕಾಲ ಬರಬೇಕು, ಯಾವ ಷರತ್ತಿನ ಮೇಲೆ ಬರಬೇಕು ಎಂಬುದು ಇಂದಿನ ನನ್ನ ವಿಷಯ. ಅಮೆರಿಕದ ಅನೇಕ ಊರುಗಳು ಇದಕ್ಕಾಗಿ ಸ್ಥಳೀಯ ಮಾರಾಟ ತೆರಿಗೆಯನ್ನು ಬಳಸಿಕೊಂಡಿವೆ. ಅವುಗಳಲ್ಲಿ ನಾನು ಒಕ್ಲಹೋಮ ಸಿಟಿಯೊಂದನ್ನೇ ಆರಿಸಿಕೊಂಡಿದ್ದೇನೆ. ಸುಮಾರು ಏಳು ಲಕ್ಷ ಜನರಿರುವ ಆ ನಗರ 1993ರಿಂದ ಇಂದಿನವರೆಗೆ ಒಂದೇ ಬಗೆಯ ತೆರಿಗೆಯನ್ನು ಮತ್ತೆ ಮತ್ತೆ ಜನರ ಮುಂದಿಟ್ಟು, ಮತ್ತೆ ಮತ್ತೆ ಒಪ್ಪಿಗೆ ಪಡೆದಿರುವುದರಿಂದ ಈ ವಿಧಾನದ ಗುಣವೂ ದೋಷವೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ನಾನು ಹೇಳಬೇಕೆಂದಿರುವುದು ಇಷ್ಟು. ಮಾರಾಟ ತೆರಿಗೆ ತನ್ನ ಸ್ವಭಾವದಲ್ಲೇ ಬಡವರಿಂದ ಹೆಚ್ಚು ಪಾಲು ಕೇಳುವ ತೆರಿಗೆ. ಆದ್ದರಿಂದ ಅದರಿಂದ ಬಂದ ಹಣ ಮೊದಲು ಬಡವರ, ಮಕ್ಕಳ, ವೃದ್ಧರ ಬಳಕೆಗೆ ಸಿಗುವ ಕಟ್ಟಡಗಳಾಗಿ ಅವರ ಬೀದಿಗೇ ಮರಳಬೇಕು. ಒಕ್ಲಹೋಮ ಸಿಟಿ ಈ ನ್ಯಾಯಕ್ಕೆ ಬಂದದ್ದು ನಿಧಾನವಾಗಿ, ಇಪ್ಪತ್ತೈದು ವರ್ಷಗಳ ದಾರಿ ನಡೆದು.

ಮೊದಲು ಹಿನ್ನೆಲೆ. ಒಕ್ಲಹೋಮ ರಾಜ್ಯದಲ್ಲಿ ನಗರಸಭೆಗಳು ತಮ್ಮ ದಿನನಿತ್ಯದ ಖರ್ಚಿಗೆ ಆಸ್ತಿ ತೆರಿಗೆಯನ್ನು ಬಳಸುವಂತಿಲ್ಲ. ಆಸ್ತಿ ತೆರಿಗೆಯ ಹೆಚ್ಚಿನ ಭಾಗ ಶಾಲೆಗಳಿಗೆ ಮತ್ತು ಕೌಂಟಿಗಳಿಗೆ, ಅಂದರೆ ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳಿಗೆ, ಹೋಗುತ್ತದೆ. ನಗರಕ್ಕೆ ಅದು ಸಿಗುವುದು ಸಾಲಪತ್ರಗಳ ಮರುಪಾವತಿಯಂಥ ಕೆಲವೇ ಉದ್ದೇಶಗಳಿಗೆ. ಹೀಗಾಗಿ ಪೊಲೀಸರ ಸಂಬಳದಿಂದ ಹಿಡಿದು ಉದ್ಯಾನದ ಹುಲ್ಲು ಕತ್ತರಿಸುವವರೆಗೆ ಎಲ್ಲದಕ್ಕೂ ಅಲ್ಲಿನ ನಗರಗಳು ನೆಚ್ಚಿಕೊಂಡಿರುವುದು ಮಾರಾಟ ತೆರಿಗೆಯನ್ನು. ಅಂಗಡಿಯವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡಿ ರಾಜ್ಯದ ತೆರಿಗೆ ಆಯೋಗಕ್ಕೆ ಕಟ್ಟುತ್ತಾರೆ. ಆಯೋಗ ನಗರದ ಪಾಲನ್ನು ನಗರಕ್ಕೆ ಹಂಚುತ್ತದೆ. ಇಂದು ಒಕ್ಲಹೋಮ ಸಿಟಿಯಲ್ಲಿ ಒಂದು ಡಾಲರಿನ ಸರಕಿಗೆ ಎಂಟೂವರೆ ಸೆಂಟಿಗೂ ತುಸು ಹೆಚ್ಚು ತೆರಿಗೆ ಬೀಳುತ್ತದೆ. ಅದರಲ್ಲಿ ರಾಜ್ಯದ್ದು ಶೇಕಡಾ 4.5, ನಗರದ್ದು ಶೇಕಡಾ 4.125. ನಗರದ ಈ ನಾಲ್ಕು ಚಿಲ್ಲರೆ ಸೆಂಟುಗಳಲ್ಲಿ ಒಂದು ಸೆಂಟಿನ ಕಥೆಯೇ ನಾನು ಹೇಳಲಿರುವುದು.

1991ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ವಿಮಾನ ದುರಸ್ತಿ ಕೇಂದ್ರಕ್ಕೆ ಜಾಗ ಹುಡುಕುತ್ತಿತ್ತು. ತೈಲದ ವ್ಯಾಪಾರ ಕುಸಿದು, ಬ್ಯಾಂಕುಗಳು ಮುಳುಗಿ, ಸೋತುಹೋಗಿದ್ದ ಒಕ್ಲಹೋಮ ಸಿಟಿ ದೊಡ್ಡ ರಿಯಾಯಿತಿಗಳನ್ನು ಮುಂದಿಟ್ಟು ಆ ಕೇಂದ್ರಕ್ಕಾಗಿ ಪೈಪೋಟಿಗೆ ಇಳಿಯಿತು. ಕಂಪನಿ ಇಂಡಿಯಾನಾಪೊಲಿಸ್ ನಗರವನ್ನು ಆರಿಸಿತು. ನೌಕರರು ಬಂದು ನೆಲೆಸಲು ಬಯಸುವಂಥ ಊರು ನಿಮ್ಮದಲ್ಲ ಎಂಬುದೇ ಕಾರಣವೆಂದು ಅಲ್ಲಿನ ಜನ ಇಂದಿಗೂ ಹೇಳಿಕೊಳ್ಳುತ್ತಾರೆ. ಆಗಿನ ಮೇಯರ್ ರಾನ್ ನಾರಿಕ್ ಇದರಿಂದ ತೆಗೆದುಕೊಂಡ ತೀರ್ಮಾನ ಹೀಗಿತ್ತು: ಕಂಪನಿಗಳನ್ನು ಓಲೈಸಲು ಹಣ ಸುರಿಯುವ ಬದಲು ಇಲ್ಲಿ ಬದುಕುತ್ತಿರುವವರಿಗೆ ಬದುಕಲು ಯೋಗ್ಯವಾದ ಊರನ್ನು ಕಟ್ಟೋಣ. ಆ ತೀರ್ಮಾನ ‘ಮೆಟ್ರೋಪಾಲಿಟನ್ ಏರಿಯಾ ಪ್ರಾಜೆಕ್ಟ್ಸ್’ ಎಂಬ ಹೆಸರಿನಲ್ಲಿ, ಚಿಕ್ಕದಾಗಿ ‘ಮ್ಯಾಪ್ಸ್’ ಎಂದು, 1993ರ ಡಿಸೆಂಬರ್ 14ರಂದು ಮತದಾರರ ಮುಂದೆ ಬಂತು. ಬೇಸ್‌ಬಾಲ್ ಮೈದಾನ, ಒಳಾಂಗಣ ಕ್ರೀಡಾಂಗಣ, ಕಾಲುವೆ, ಗ್ರಂಥಾಲಯ, ಸಂಗೀತ ಭವನದ ನವೀಕರಣ, ಬತ್ತಿದ ನದಿಗೆ ನೀರು ನಿಲ್ಲಿಸುವ ಕೆಲಸ ಹೀಗೆ ಒಂಬತ್ತು ಯೋಜನೆಗಳು; ಬೇಕಾದದ್ದನ್ನು ಆರಿಸಿಕೊಳ್ಳುವ ಅವಕಾಶವಿಲ್ಲ, ಒಪ್ಪಿದರೆ ಎಲ್ಲವನ್ನೂ ಒಪ್ಪಬೇಕು. ಶೇಕಡಾ 54ರಷ್ಟು ಜನ ಒಪ್ಪಿದರು.

ಈ ತೆರಿಗೆಗೆ ಹಾಕಿದ್ದ ಷರತ್ತುಗಳ ಬಗ್ಗೆ ನಾನು ತುಸು ನಿಧಾನವಾಗಿ ಮಾತಾಡಬೇಕು. ಇಡೀ ವ್ಯವಸ್ಥೆ ನಿಂತಿರುವುದು ಅವುಗಳ ಮೇಲೆ.

ತೆರಿಗೆಗೆ ಕೊನೆಯ ದಿನಾಂಕವಿತ್ತು. ಒಂದು ಸೆಂಟು, ಐದು ವರ್ಷ, ಆಮೇಲೆ ತಾನಾಗಿಯೇ ನಿಲ್ಲತಕ್ಕದ್ದು. ತೆರಿಗೆ ಮುಂದುವರಿಯಬೇಕಾದರೆ ಮತ್ತೆ ಜನರ ಬಳಿಗೇ ಹೋಗಬೇಕು. ಒಮ್ಮೆ ಬಂದ ತೆರಿಗೆ ಎಂದೂ ಹೋಗುವುದಿಲ್ಲವೆಂದು ನಂಬಿದ ಜನರಿಗೆ ಇದು ಹೊಸದು. ಹಣ ಕೈಗೆ ಬಂದ ಮೇಲೆಯೇ ಕಟ್ಟಬೇಕು, ಸಾಲಪತ್ರ ಮಾರಿ ಕಟ್ಟಬಾರದು ಎಂಬುದು ಎರಡನೆಯ ಷರತ್ತು. ಇದರ ತೊಂದರೆ ಏನೆಂದರೆ ತೆರಿಗೆ ಕಟ್ಟಲು ಶುರುಮಾಡಿದ ಜನ ವರ್ಷಗಟ್ಟಲೆ ಏನನ್ನೂ ಕಾಣದೆ ಕಾಯಬೇಕು. ಮೊದಲ ಸುತ್ತಿನ ಬೇಸ್‌ಬಾಲ್ ಮೈದಾನ ತೆರೆದದ್ದು 1998ರಲ್ಲಿ, ಗ್ರಂಥಾಲಯ ತೆರೆದದ್ದು 2004ರಲ್ಲಿ. ಲಾಭವೇನೆಂದರೆ ಬಡ್ಡಿ ಕಟ್ಟುವ ಬದಲು ನಗರವೇ ಬಡ್ಡಿ ಪಡೆಯಿತು. ಮೊದಲ ಸುತ್ತಿನಲ್ಲಿ ತೆರಿಗೆಯಿಂದ ಬಂದದ್ದು ಸುಮಾರು 30.9 ಕೋಟಿ ಡಾಲರ್. ಕಾಯುವ ಕಾಲದಲ್ಲಿ ಆ ಹಣ ಗಳಿಸಿದ ಬಡ್ಡಿಯೇ ಸುಮಾರು 5.4 ಕೋಟಿ ಡಾಲರ್. ಮೂರನೆಯದಾಗಿ, ಯೋಜನೆಗಳ ನಕ್ಷೆಯನ್ನೂ ಖರ್ಚನ್ನೂ ಪರಿಶೀಲಿಸಿ ನಗರಸಭೆಗೆ ಸಲಹೆ ಕೊಡಲು ನಾಗರಿಕರದೇ ಒಂದು ಮಂಡಳಿ ಇತ್ತು. ಕೊನೆಯ ಮಾತು ನಗರಸಭೆಯದೇ ಆದರೂ, ಮಂಡಳಿಯ ಸಭೆ ಬಹಿರಂಗವಾಗಿ ನಡೆಯುವುದರಿಂದ ಖರ್ಚು ಏರಿದಾಗ ಅದನ್ನು ಮುಚ್ಚಿಡುವುದು ಕಷ್ಟ.

ಖರ್ಚು ಏರಿಯೇ ಏರಿತು. ಐದು ವರ್ಷದ ಹಣ ಸಾಲದೆಂದು ಗೊತ್ತಾದಾಗ ಕೆಲವು ಕಟ್ಟಡಗಳನ್ನು ಅರೆಬರೆ ಮುಗಿಸುವ ದಾರಿಯೂ ಇತ್ತು, ಸಾಲ ಮಾಡುವ ದಾರಿಯೂ ಇತ್ತು. ನಗರ 1998ರ ಡಿಸೆಂಬರಿನಲ್ಲಿ ಮತ್ತೆ ಮತದಾರರ ಬಳಿಗೆ ಹೋಗಿ ಆರು ತಿಂಗಳ ವಿಸ್ತರಣೆ ಕೇಳಿತು. ಜನ ಮೊದಲಿಗಿಂತ ದೊಡ್ಡ ಬಹುಮತದಿಂದ ಕೊಟ್ಟರು. 1999ರ ಜುಲೈಗೆ ತೆರಿಗೆ ನಿಂತಿತು. ಸಾರ್ವಜನಿಕ ಹಣಕಾಸಿನ ಬಗ್ಗೆ ಯೋಚಿಸುವವರು ಈ ಆರು ತಿಂಗಳ ವಿಸ್ತರಣೆಯನ್ನು ಆ ನಗರದ ಯಾವ ಕಟ್ಟಡಕ್ಕಿಂತಲೂ ಹೆಚ್ಚು ಗಮನಿಸಬೇಕೆಂದು ನನಗೆ ಅನ್ನಿಸುತ್ತದೆ. ಲೆಕ್ಕ ತಪ್ಪಿತೆಂದು ಒಪ್ಪಿಕೊಂಡು, ಎಷ್ಟು ಬೇಕೋ ಅಷ್ಟನ್ನೇ ಕೇಳಿ, ಮುಗಿದ ದಿನ ನಿಲ್ಲಿಸಿದ್ದರಿಂದಲೇ ಮುಂದಿನ ಸುತ್ತುಗಳು ಸಾಧ್ಯವಾದವು.

ಆದರೆ ಈ ಮೊದಲ ಸುತ್ತಿನಲ್ಲಿ ನಮ್ಮ ವಿಷಯವಾದ ಸಮುದಾಯ ಕೇಂದ್ರ ಒಂದೂ ಇರಲಿಲ್ಲ. ಬಹುಪಾಲು ಯೋಜನೆಗಳು ನಗರದ ನಡುಭಾಗದಲ್ಲಿದ್ದವು, ಟಿಕೆಟ್ ಕೊಂಡು ಒಳಹೋಗುವ ಜಾಗಗಳಾಗಿದ್ದವು. 2001ರ ನವೆಂಬರಿನಲ್ಲಿ ಬಂದ ಎರಡನೆಯ ಸುತ್ತು ಶಾಲೆಗಳಿಗಾಗಿ. ತೆರಿಗೆ ಮತ್ತು ಸಾಲಪತ್ರ ಎರಡೂ ಸೇರಿ ಸುಮಾರು 70 ಕೋಟಿ ಡಾಲರಿನಷ್ಟು ಹಣ ಶಿಥಿಲವಾಗಿದ್ದ ಶಾಲಾ ಕಟ್ಟಡಗಳಿಗೆ, ಬಸ್ಸುಗಳಿಗೆ, ತಂತ್ರಜ್ಞಾನಕ್ಕೆ ಹೋಯಿತು. 2009ರ ಡಿಸೆಂಬರಿನಲ್ಲಿ ಮೇಯರ್ ಮಿಕ್ ಕಾರ್ನೆಟ್ ಮೂರನೆಯ ಸುತ್ತನ್ನು ಮುಂದಿಟ್ಟರು: 77.7 ಕೋಟಿ ಡಾಲರ್, ಏಳು ವರ್ಷ ಒಂಬತ್ತು ತಿಂಗಳು. ಸಮಾವೇಶ ಕೇಂದ್ರ, ಟ್ರ್ಯಾಮ್ ಮಾರ್ಗ, 70 ಎಕರೆಯ ಉದ್ಯಾನ, ಇವುಗಳ ನಡುವೆ ವಯಸ್ಸಾದವರ ಆರೋಗ್ಯ ಕೇಂದ್ರಗಳು ಮೊದಲ ಬಾರಿಗೆ ಕಾಣಿಸಿಕೊಂಡವು. ಐವತ್ತು ದಾಟಿದವರು ಸದಸ್ಯರಾಗಬಹುದಾದ, ಈಜುಕೊಳ, ವ್ಯಾಯಾಮಶಾಲೆ, ತರಗತಿ ಕೋಣೆಗಳಿರುವ ಈ ಕೇಂದ್ರಗಳಲ್ಲಿ ಮೊದಲನೆಯದು 2017ರಲ್ಲಿ ತೆರೆಯಿತು. ಅವನ್ನು ನಗರದ ನಡುಭಾಗದಲ್ಲಿ ಸಾಲಾಗಿ ನಿಲ್ಲಿಸದೆ ಬೇರೆ ಬೇರೆ ದಿಕ್ಕಿನ ಬಡಾವಣೆಗಳಲ್ಲಿ ಕಟ್ಟಿದ್ದು ಸಣ್ಣ ವಿಷಯವಲ್ಲ. ಕಾರು ಓಡಿಸಲಾಗದ ಎಪ್ಪತ್ತೈದರ ವಯಸ್ಸಿನವರಿಗೆ ಹತ್ತು ಮೈಲಿ ದೂರದ ಈಜುಕೊಳ ಇದ್ದೂ ಇಲ್ಲದಂತೆಯೇ.

ಇಲ್ಲಿ ತೆರಿಗೆಯ ಭಾರ ಯಾರ ಮೇಲೆ ಎಷ್ಟು ಎಂಬ ಪ್ರಶ್ನೆಗೆ ಬರಬೇಕು. ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳಿ. ವರ್ಷಕ್ಕೆ 30,000 ಡಾಲರ್ ದುಡಿಯುವ ಕುಟುಂಬವೊಂದು ಬಾಡಿಗೆ ಕಳೆದು ತೆರಿಗೆ ಬೀಳುವ ಸರಕುಗಳಿಗೆ 15,000 ಡಾಲರ್ ಖರ್ಚು ಮಾಡುತ್ತದೆ ಎನ್ನೋಣ. ಒಂದು ಸೆಂಟಿನ ತೆರಿಗೆ ಆ ಕುಟುಂಬದಿಂದ 150 ಡಾಲರ್, ಅಂದರೆ ವರಮಾನದ ಶೇಕಡಾ ಅರ್ಧದಷ್ಟನ್ನು ತೆಗೆದುಕೊಳ್ಳುತ್ತದೆ. ಮೂರು ಲಕ್ಷ ಡಾಲರ್ ದುಡಿಯುವ ಕುಟುಂಬ ಅಂಥ ಸರಕಿಗೆ 60,000 ಖರ್ಚು ಮಾಡಿದರೆ ಅದು ಕಟ್ಟುವುದು 600 ಡಾಲರ್; ವರಮಾನದ ಶೇಕಡಾ 0.2 ಮಾತ್ರ. ಉಳಿತಾಯಕ್ಕೆ, ಷೇರುಗಳಿಗೆ, ಮನೆ ಕೊಳ್ಳಲು ಹೋದ ಹಣಕ್ಕೆ ಮಾರಾಟ ತೆರಿಗೆ ತಾಗುವುದಿಲ್ಲ. ಹೊಟ್ಟೆಗೆ ಹೋದ ಹಣಕ್ಕೆ ತಾಗುತ್ತದೆ. ದಿನಸಿಯ ಮೇಲಿನ ತನ್ನ 4.5 ಶೇಕಡಾ ತೆರಿಗೆಯನ್ನು ಒಕ್ಲಹೋಮ ರಾಜ್ಯ 2024ರ ಆಗಸ್ಟಿನಲ್ಲಿ ತೆಗೆದುಹಾಕಿತು. ನಗರದ ತೆರಿಗೆ ಮಾತ್ರ ಹಾಲಿಗೂ ಬ್ರೆಡ್ಡಿಗೂ ಇನ್ನೂ ಬೀಳುತ್ತಲೇ ಇದೆ.

ಈ ತೆರಿಗೆಯ ಪರವಾಗಿ ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ಹೊರಗಿನಿಂದ ಬಂದು ಇಲ್ಲಿ ಖರೀದಿ ಮಾಡುವವರೂ ತೆರಿಗೆ ಕಟ್ಟುತ್ತಾರೆ, ಹಾಗಾಗಿ ಭಾರ ಊರಿನವರ ಮೇಲೆ ಮಾತ್ರ ಬೀಳುವುದಿಲ್ಲ. ಇದು ನಿಜ. ಸುತ್ತಲಿನ ಸಣ್ಣ ಊರುಗಳಿಂದ ಕೆಲಸಕ್ಕೂ ಆಸ್ಪತ್ರೆಗೂ ಆಟ ನೋಡಲಿಕ್ಕೂ ಬರುವವರು ಈ ಸೆಂಟಿನಲ್ಲಿ ತಮ್ಮ ಪಾಲು ಸೇರಿಸುತ್ತಾರೆ. ಆದರೆ ಹೊರಗಿನವರು ಒಂದಿಷ್ಟು ಕೊಟ್ಟರೆಂಬ ಕಾರಣಕ್ಕೆ ಒಳಗಿನ ಬಡವರ ಭಾರ ನ್ಯಾಯವಾಗುವುದಿಲ್ಲ. ಅದನ್ನು ನ್ಯಾಯಕ್ಕೆ ಹತ್ತಿರ ತರುವ ದಾರಿ ಒಂದೇ, ಖರ್ಚಿನ ದಾರಿ. 2019ರ ಡಿಸೆಂಬರ್ 10ರಂದು ಮೇಯರ್ ಡೇವಿಡ್ ಹೋಲ್ಟ್ ಅವರ ಅವಧಿಯಲ್ಲಿ ಬಂದ ನಾಲ್ಕನೆಯ ಸುತ್ತನ್ನು ನಾನು ಮೆಚ್ಚುವುದು ಇದಕ್ಕೇ. ಎಂಟು ವರ್ಷ, 97.8 ಕೋಟಿ ಡಾಲರ್, 16 ಯೋಜನೆಗಳು. ಅದರಲ್ಲಿ ಉದ್ಯಾನಗಳಿಗೆ 14 ಕೋಟಿ, ಕನಿಷ್ಠ ನಾಲ್ಕು ಹೊಸ ಯುವಜನ ಕೇಂದ್ರಗಳಿಗೆ 11 ಕೋಟಿ, ಇನ್ನೊಂದು ವೃದ್ಧರ ಕೇಂದ್ರ ಮತ್ತು ಸಂಬಂಧಿತ ಕೆಲಸಗಳಿಗೆ 3 ಕೋಟಿ, ಮನೆಯಿಲ್ಲದವರ ವಸತಿಗೆ 5 ಕೋಟಿ, ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಗೆ 4 ಕೋಟಿ. ನಾಗರಿಕ ಹಕ್ಕುಗಳ ಹೋರಾಟಗಾರ್ತಿ, ಶಿಕ್ಷಕಿ ಕ್ಲಾರಾ ಲೂಪರ್ ಅವರ ಹೆಸರಿನ ಕೇಂದ್ರವೂ ಈ ಪಟ್ಟಿಯಲ್ಲಿದೆ; 1958ರಲ್ಲಿ ಕಪ್ಪು ಮಕ್ಕಳನ್ನು ಕರೆದುಕೊಂಡು ಹೋಗಿ ಅಂಗಡಿಯೊಂದರ ಊಟದ ಕಟ್ಟೆಯ ಮುಂದೆ ಕುಳಿತು, ಬಿಳಿಯರಿಗೆ ಕೊಡುವಂತೆಯೇ ನಮಗೂ ಕೊಡಿ ಎಂದು ಕೇಳಿದವರು ಅವರು. ಈ ಸುತ್ತಿಗೆ ಸುಮಾರು ಶೇಕಡಾ 72 ಜನ ಒಪ್ಪಿಗೆ ಕೊಟ್ಟರು. ಕ್ರೀಡಾಂಗಣ, ಕಾಲುವೆಗಳ ಸುತ್ತಿಗೆ ಸಿಕ್ಕಿದ್ದು 54.

ಈ ಎರಡು ಸಂಖ್ಯೆಗಳ ಅಂತರಕ್ಕೆ ಇಪ್ಪತ್ತಾರು ವರ್ಷಗಳಲ್ಲಿ ಬೆಳೆದ ವಿಶ್ವಾಸವೂ ಕಾರಣವಿರಬಹುದು, ಹಣ ತಮ್ಮ ಬೀದಿಗೆ ಬರಲಿದೆ ಎಂಬ ಭರವಸೆಯೂ ಕಾರಣವಿರಬಹುದು. ಎರಡನ್ನೂ ಬೇರ್ಪಡಿಸಿ ಅಳೆಯಲು ಆಗದು. ಆದರೂ ಯುವಜನ ಕೇಂದ್ರ, ಕಾಲುದಾರಿ, ಬಸ್ಸು, ವಸತಿ ಎಂದು ಮತ ಕೇಳಿದರೆ ಮೇಲ್ವರ್ಗದವರು ಕೈಬಿಡುತ್ತಾರೆ ಎಂಬ ಹಳೆಯ ಹೆದರಿಕೆಗೆ ಆಧಾರವಿಲ್ಲವೆಂದು ಈ ಫಲಿತಾಂಶ ತೋರಿಸಿತು.

ವಿಶ್ವಾಸದ ಮಾತು ಬಂದದ್ದರಿಂದ ಒಂದು ಸೂಕ್ಷ್ಮವನ್ನು ಹೇಳಬೇಕು. ಒಂದೇ ಮತಪತ್ರದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಹಲವು ವಿಷಯಗಳನ್ನು ಕಟ್ಟಿ ಕೇಳಬಾರದೆಂಬ ನಿಯಮ ಒಕ್ಲಹೋಮದಲ್ಲಿದೆ. ಹಾಗಾಗಿ ಮೂರನೆಯ ಮತ್ತು ನಾಲ್ಕನೆಯ ಸುತ್ತಿನ ಮತಪತ್ರಗಳಲ್ಲಿ ಯೋಜನೆಗಳ ಪಟ್ಟಿಯೇ ಇರಲಿಲ್ಲ. ನಗರದ ಬಂಡವಾಳ ಕಾಮಗಾರಿಗಳಿಗೆ ಒಂದು ಸೆಂಟು ತೆರಿಗೆ ಎಂದಷ್ಟೇ ಇತ್ತು. ಯಾವ ಯೋಜನೆಗೆ ಎಷ್ಟು ಎಂಬುದು ನಗರಸಭೆ ಪ್ರತ್ಯೇಕವಾಗಿ ಅಂಗೀಕರಿಸಿದ ಸಂಕಲ್ಪ ನಿರ್ಣಯದಲ್ಲಿತ್ತು. ಅಂದರೆ ಜನ ಮತ ಹಾಕಿದ್ದು ತೆರಿಗೆಗೆ. ಯುವಜನ ಕೇಂದ್ರ ಸಿಗುವುದೆಂಬುದು ನಗರಸಭೆ ಕೊಟ್ಟ ಮಾತು. ಕಾನೂನಿನ ದೃಷ್ಟಿಯಿಂದ ಇದು ದುರ್ಬಲ ಏರ್ಪಾಡೆಂದೇ ನನ್ನ ಅಭಿಪ್ರಾಯ. ಅದು ಈವರೆಗೆ ಉಳಿದಿರುವುದು ಕೊಟ್ಟ ಮಾತನ್ನು ಮೊದಲ ಸುತ್ತಿನಿಂದ ಉಳಿಸಿಕೊಂಡು ಬಂದಿರುವ ಕಾರಣಕ್ಕೆ. ಅಂಥ ಇತಿಹಾಸವಿಲ್ಲದ ಊರು ಇದನ್ನೇ ನಕಲು ಮಾಡಿದರೆ ಮೊದಲ ಆರ್ಥಿಕ ಮುಗ್ಗಟ್ಟಿನಲ್ಲೇ ಮಕ್ಕಳ ಕೇಂದ್ರದ ಹಣ ರಸ್ತೆ ಡಾಂಬರಿಗೆ ಹೋದೀತು.

ಮಾರಾಟ ತೆರಿಗೆಗೆ ಇನ್ನೊಂದು ದೌರ್ಬಲ್ಯವಿದೆ; ವ್ಯಾಪಾರ ಕುಗ್ಗಿದರೆ ಅದೂ ಕುಗ್ಗುತ್ತದೆ. ನಾಲ್ಕನೆಯ ಸುತ್ತಿನ ವಸೂಲಿ ಶುರುವಾದದ್ದು 2020ರ ಏಪ್ರಿಲ್ 1ರಂದು, ಕೊರೊನಾದಿಂದ ಬಹಳಷ್ಟು ಅಂಗಡಿಗಳು ಬಾಗಿಲು ಹಾಕಿದ್ದ ದಿನಗಳಲ್ಲಿ. ಸಾಲ ಮಾಡಿ ಕಟ್ಟುವ ಪದ್ಧತಿಯಾಗಿದ್ದರೆ ಕಂತು ಕಟ್ಟುವ ಚಿಂತೆ ಆಗಲೇ ಶುರುವಾಗುತ್ತಿತ್ತು. ಸಾಲವಿಲ್ಲದಿದ್ದುದರಿಂದ ಕೆಲಸ ನಿಧಾನವಾಗಬಹುದಿತ್ತೇ ಹೊರತು ನಗರ ಮುಗ್ಗರಿಸುವಂತಿರಲಿಲ್ಲ. ಜನ ಆಗ ಮನೆಯಲ್ಲೇ ಕೂತು ಖರೀದಿ ಮಾಡಿದರು. ಬೇರೆ ರಾಜ್ಯದ ಮಾರಾಟಗಾರರಿಂದಲೂ ತೆರಿಗೆ ವಸೂಲಿ ಮಾಡಬಹುದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2018ರ ಜೂನಿನಲ್ಲಿ ಸೌತ್ ಡಕೋಟ ಮತ್ತು ವೇಫೇರ್ ಕಂಪನಿಯ ಪ್ರಕರಣದಲ್ಲಿ ಹೇಳಿರದಿದ್ದರೆ ಆ ಖರೀದಿಯ ಬಹಳಷ್ಟು ತೆರಿಗೆ ಊರುಗಳ ಕೈತಪ್ಪುತ್ತಿತ್ತು.

ಕಟ್ಟಿದ್ದಾಯಿತು; ನಡೆಸುವವರು ಯಾರು? ಕೊಳದ ನೀರನ್ನು ಬೆಚ್ಚಗಿಡಬೇಕು, ಶುದ್ಧಮಾಡಬೇಕು, ಜೀವರಕ್ಷಕರಿಗೆ ಸಂಬಳ ಕೊಡಬೇಕು, ಸಂಜೆ ಹೊತ್ತು ಮಕ್ಕಳಿಗೆ ಆಟ ಕಲಿಸುವವರು ಬೇಕು. ತೆರಿಗೆ ನಿಲ್ಲುವ ದಿನ ಗೊತ್ತಿದೆ, ಈ ಖರ್ಚು ನಿಲ್ಲುವ ದಿನ ಇಲ್ಲ. ವೃದ್ಧರ ಕೇಂದ್ರಗಳ ವಿಷಯದಲ್ಲಿ ಒಕ್ಲಹೋಮ ಸಿಟಿ ಕಟ್ಟಡವನ್ನು ತಾನು ಕಟ್ಟಿ, ನಡೆಸುವ ಹೊಣೆಯನ್ನು ಲಾಭರಹಿತ ಸಂಸ್ಥೆಗಳಿಗೆ ಒಪ್ಪಿಸಿತು. ಸದಸ್ಯರ ಶುಲ್ಕದಿಂದ ಒಂದಿಷ್ಟು ಖರ್ಚು ಸರಿದೂಗುತ್ತದೆ. ಆದರೆ ಶುಲ್ಕ ಕೊಡಲಾಗದ ಹದಿಹರೆಯದವರೇ ಬರಬೇಕಾದ ಯುವಜನ ಕೇಂದ್ರಕ್ಕೆ ಈ ಲೆಕ್ಕ ಹೊಂದುವುದಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಕೆಲವು ಯೋಜನೆಗಳ ನಿರ್ವಹಣೆಗೂ ಒಂದು ಪಾಲು ಹಣವನ್ನು ಟ್ರಸ್ಟಿನಲ್ಲಿ ತೆಗೆದಿಟ್ಟು ಬೆಳೆಸುವ ಏರ್ಪಾಡು ಮಾಡಿದ್ದು ಇದೇ ತಿಳಿವಳಿಕೆಯಿಂದ. ಪಕ್ಕದ ಮಿಸೌರಿ ರಾಜ್ಯದ ದಾರಿ ಬೇರೆ. ಅಲ್ಲಿನ ಕಾನೂನಿನಂತೆ ಮತದಾರರು ಒಪ್ಪಿದರೆ ಊರೊಂದು ಉದ್ಯಾನಗಳಿಗೂ ಮಳೆನೀರಿನ ನಿರ್ವಹಣೆಗೂ ಅರ್ಧ ಸೆಂಟಿನವರೆಗೆ ಮಾರಾಟ ತೆರಿಗೆ ಹಾಕಬಹುದು, ಅದನ್ನು ನಡೆಸುವ ಖರ್ಚಿಗೂ ಬಳಸಬಹುದು. ಕಟ್ಟಲು ಕೊನೆಯುಳ್ಳ ತೆರಿಗೆ, ನಡೆಸಲು ಅದಕ್ಕಿಂತ ಬಹಳ ಸಣ್ಣದಾದ ನಿರಂತರ ತೆರಿಗೆ, ಇವೆರಡೂ ಜೊತೆಗಿದ್ದರೆ ಒಳ್ಳೆಯದೆಂಬುದು ನನ್ನ ನಿಲುವು.

ಕರ್ನಾಟಕದಲ್ಲಿ ಇದನ್ನು ಮಾಡಬಹುದೇ ಎಂಬ ಪ್ರಶ್ನೆ ನಿಮ್ಮಲ್ಲಿ ಏಳುವುದು ಸಹಜ. ಇದೇ ರೂಪದಲ್ಲಿ ಸಾಧ್ಯವಿಲ್ಲ. ಸರಕು ಊರಿನೊಳಗೆ ಬರುವಾಗ ಹಾಕುತ್ತಿದ್ದ ಆಕ್ಟ್ರಾಯ್ ನಮ್ಮಲ್ಲಿ 1979ರಲ್ಲೇ ಹೋಯಿತು. ಅದರ ಬದಲು ಬಂದ ಪ್ರವೇಶ ತೆರಿಗೆ ರಾಜ್ಯದ್ದಾಯಿತು. 2017ರ ಜುಲೈ 1ರಿಂದ ಅದೂ ಜಿಎಸ್‌ಟಿಯಲ್ಲಿ ಕರಗಿತು. ಅಂಗಡಿಯ ಬಿಲ್ಲಿನ ಮೇಲೆ ಒಂದು ಪೈಸೆ ಕೇಳುವ ಅಧಿಕಾರವೂ ನಗರಸಭೆಗಿಲ್ಲ. ಸಂವಿಧಾನದ 74ನೇ ತಿದ್ದುಪಡಿ ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ ಉದ್ಯಾನ, ಆಟದ ಮೈದಾನಗಳು ನಗರಾಡಳಿತದ ಕೆಲಸಗಳೆಂದು ಪಟ್ಟಿಯಾಗಿವೆ. ಕೆಲಸ ಕೊಟ್ಟ ತಿದ್ದುಪಡಿ ಅದಕ್ಕೆ ತಕ್ಕ ತೆರಿಗೆಯನ್ನು ಕೊಡಲಿಲ್ಲ. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಗ್ರಂಥಾಲಯ ಕರ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ಓದುವ ಮನೆಗಾಗಿ ಸಂಗ್ರಹವಾಗುತ್ತದೆ. ಹೆಸರು ಹೇಳಿ ಸಂಗ್ರಹಿಸುವ, ಒಂದೇ ಕೆಲಸಕ್ಕೆ ಮೀಸಲಾದ, ಮನೆಯಿದ್ದವರಿಂದ ಬರುವ ತೆರಿಗೆ ಅದು. ಭಾರದ ಹಂಚಿಕೆಯಲ್ಲಿ ಒಕ್ಲಹೋಮದ ಸೆಂಟಿಗಿಂತ ನ್ಯಾಯವಾದದ್ದು. ಅದಕ್ಕಿಲ್ಲದಿರುವುದು ಕೊನೆಯ ದಿನಾಂಕ, ಜನರ ಮತ, ಮತ್ತು ನನ್ನ ಬಡಾವಣೆಯಿಂದ ಈ ವರ್ಷ ಬಂದ ಕರ ಯಾವ ಓದುವ ಕೋಣೆಗೆ ಹೋಯಿತೆಂದು ಕೇಳಬಲ್ಲ ನಾಗರಿಕ ಮಂಡಳಿ. ಅನುದಾನದಲ್ಲಿ ಎದ್ದು, ನಡೆಸಲು ಹಣವಿಲ್ಲದೆ ಮದುವೆ ಮುಂಜಿಗಷ್ಟೇ ಬಾಗಿಲು ತೆರೆಯುವ ಸಮುದಾಯ ಭವನಗಳು ನಮ್ಮಲ್ಲಿ ಊರೂರಿಗೂ ಇವೆ. ಆ ಭವನಗಳನ್ನು ದಿನವೂ ತೆರೆದಿಡಲು ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರದ ಮಾದರಿಯ ಸಣ್ಣದೊಂದು ಕರವನ್ನು, ವಾರ್ಡಿನ ಲೆಕ್ಕವನ್ನು ವಾರ್ಡಿನಲ್ಲೇ ಒಪ್ಪಿಸುವ ಷರತ್ತಿನ ಮೇಲೆ ಹಾಕುವುದಾದರೆ, ನಾನು ಸಂತೋಷದಿಂದ ಕಟ್ಟುತ್ತೇನೆ.

ಒಕ್ಲಹೋಮ ಸಿಟಿಯ ಈಚಿನ ತೀರ್ಮಾನವನ್ನು ಹೇಳದೆ ಮಾತು ಮುಗಿಸುವಂತಿಲ್ಲ. 2023ರ ಡಿಸೆಂಬರ್ 12ರಂದು ಆ ನಗರ ಹೊಸ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣಕ್ಕಾಗಿ ಮತ ಕೇಳಿತು. ಕನಿಷ್ಠ 90 ಕೋಟಿ ಡಾಲರಿನ ಕಟ್ಟಡ. ಅಲ್ಲಿ ಆಡುವ ವೃತ್ತಿಪರ ತಂಡದ ಮಾಲೀಕರು ಕೊಡುವುದು 5 ಕೋಟಿ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಇದೇ ಒಂದು ಸೆಂಟಿನಿಂದ. ತಂಡ ಊರು ಬಿಟ್ಟು ಹೋದೀತೆಂಬ ಆತಂಕ ಜನರಲ್ಲಿತ್ತು. ಶೇಕಡಾ 71 ಜನ ಒಪ್ಪಿದರು. ನಾಲ್ಕನೆಯ ಸುತ್ತು 2028ರಲ್ಲಿ ಮುಗಿದ ಕೂಡಲೇ ಈ ವಸೂಲಿ ಶುರುವಾಗಿ ಆರು ವರ್ಷ ನಡೆಯುತ್ತದೆ. ಮತ ನ್ಯಾಯವಾಗಿಯೇ ನಡೆದಿದೆ, ತೆರಿಗೆಗೆ ಕೊನೆಯ ದಿನಾಂಕವೂ ಇದೆ. ಆದರೆ ಹಾಲಿನ ಮೇಲೆ, ಬ್ರೆಡ್ಡಿನ ಮೇಲೆ ಬಿದ್ದ ತೆರಿಗೆ ವೃತ್ತಿಪರ ತಂಡವೊಂದರ ಅಂಗಳಕ್ಕೆ ಹೋಗುವುದನ್ನು ನಾನು ಒಪ್ಪಲಾರೆ. ಈ ಲೆಕ್ಕದ ಪ್ರಕಾರ ಹೊಸ ಸುತ್ತಿನ ಯುವಜನ ಕೇಂದ್ರಗಳಿಗೆ ಇದೇ ಒಂದು ಸೆಂಟು ಮತ್ತೆ ಬಿಡುವಾಗುವುದು 2034ರಲ್ಲಿ. ಇಂದು ಆ ಊರಿನಲ್ಲಿ ಒಂದನೇ ತರಗತಿಯಲ್ಲಿರುವ ಮಗು ಆ ಹೊತ್ತಿಗೆ ಪ್ರೌಢಶಾಲೆಯಲ್ಲಿರುತ್ತದೆ.